ಹೊರಬೀಡಿನ ದಿನ ಕೇಳಿದ ದನಿ

ದೆವ್ವ, ದನಿ, ಮೈಮೇಲೆ ಬರುವುದು ಎಂದೆಲ್ಲ ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ನಗದಿದ್ದರೆ ಪಡೆದ ಸಂಬಳಕ್ಕೆ ಅರ್ಥವಿಲ್ಲ ಎಂಬ ಜಂಬವೂ ಇತ್ತು. ಈಗ ನಂಬುತ್ತೇನೆ ಅಂತಲ್ಲ. ಮೊದಲಿನ ಹಾಗೆ ನಗಲು ಆಗುತ್ತಿಲ್ಲ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಮಾಗಳದಲ್ಲಿದ್ದ ನಮ್ಮವ್ವ ತೀರಿಕೊಂಡಳು. ಆಮೇಲೆ ನನಗೆ ಊಟ, ನಿದ್ದೆ, ಮಾತು ಯಾವುದೂ ಬೇಡವಾಯಿತು. ಹೊಸಪೇಟೆಯ ಮನೋವೈದ್ಯರೊಬ್ಬರು ಗುಳಿಗೆ ಬರೆದುಕೊಟ್ಟರು. ಕೆಲವು ತಿಂಗಳಲ್ಲಿ ಮತ್ತೆ ಮನುಷ್ಯಳಾದೆ. "ಈಗ ಆರಾಮ ಆಗೀಯಲ್ಲ, ಇನ್ನೆಷ್ಟು ದಿನ ನುಂಗ್ತಿ?" ಎಂದರು ಯಜಮಾನರು. ನನಗೂ ಹೌದೆನಿಸಿ, ಜ್ವರ ಬಿಟ್ಟ ಮೇಲೆ ನಿಲ್ಲಿಸುವ ಹಾಗೆ, ಡಾಕ್ಟರನ್ನು ಕೇಳದೆ ಒಂದೇ ಸಲಕ್ಕೆ ನಿಲ್ಲಿಸಿಬಿಟ್ಟೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಜುಂ ಎಂದು ಕರೆಂಟ್ ಹೊಡೆದಂತಾಗತೊಡಗಿತು. ಸಾರಿಗೆ ಉಪ್ಪು ಹೆಚ್ಚಾದರೂ ಅಳು. ಬಿಸಿಲಿಗಿರಬೇಕು ಎಂದುಕೊಂಡು ಸುಮ್ಮನಿದ್ದೆ.

ಅದೇ ವಾರ ಕೂಡ್ಲಿಗಿ ಕಡೆಯ ನನ್ನ ಗಂಡನ ಊರಿನಲ್ಲಿ ಹೊರಬೀಡು. ಅಂದು ಹೊತ್ತು ಹುಟ್ಟುವ ಮೊದಲೇ ಎಲ್ಲರೂ ಒಲೆ ಆರಿಸಿ, ದನ ಕುರಿ ಕೋಳಿ ಸಮೇತ ಊರು ಬಿಟ್ಟು ಹೊಲ ಸೇರುತ್ತಾರೆ. ಊರ ಬಾಗಿಲಿಗೆ ಮುಳ್ಳು ಹಚ್ಚುತ್ತಾರೆ. ಸಂಜೆ ಪೂಜೆಯಾಗಿ ಮುಳ್ಳು ತೆಗೆಯುವ ತನಕ ಒಳಗೆ ನರಪಿಳ್ಳೆಯೂ ಇರಕೂಡದು. ಯಾರಾದರೂ ಕಾಲಿಟ್ಟರೆ ಊರಿಗೇ ಕೇಡು ಎನ್ನುತ್ತಾರೆ.

ಮಧ್ಯಾಹ್ನ ಉಂಡವರೆಲ್ಲ ಬೇವಿನ ನೆರಳಲ್ಲಿ ಅಡ್ಡಾಗಿದ್ದರು. ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು, ನಾನು ಪಕ್ಕದಲ್ಲಿ ಕೂತಿದ್ದೆ. ತಲೆಯಲ್ಲಿ ಜುಂ ಎಂದಿತು. ಅದರ ಬೆನ್ನಿಗೇ ಊರ ಕಡೆಯಿಂದ ಅವ್ವನ ದನಿ ಕೇಳಿತು.

"ಏ ಕೂಸೇ, ಬಾರವಾ. ಎಷ್ಟೊತ್ತಾತು."

ಸತ್ಯ ಹೇಳುತ್ತೇನೆ, ನನಗೆ ಹೆದರಿಕೆಯಾಗಲಿಲ್ಲ. ಸಂತೋಷವಾಯಿತು. ಗುಳಿಗೆ ನುಂಗುತ್ತಿದ್ದಷ್ಟು ದಿನ ಅವಳ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲೂ ಆಗುತ್ತಿರಲಿಲ್ಲ. ಮತ್ತೆ ಕರೆದಳು. ನಾನು ಎದ್ದೆ. ಮುಳ್ಳು ದಾಟಿದರೆ ಊರವರು ನಮ್ಮ ಮನೆಯವರನ್ನು ಏನೆಂದಾರು ಎಂಬುದು ತಲೆಗೇ ಬರಲಿಲ್ಲ.

ಆಗ ಅತ್ತೆ, ಮೊರದಿಂದ ಮುಖವನ್ನೂ ಎತ್ತದೆ, ನನ್ನ ಮುಂಗೈ ಹಿಡಿದರು. "ಕರೆದ್ರ ಓ ಅನಬ್ಯಾಡ. ಸುಮ್ಮನ ಕುಂದ್ರು."

ಕೂತೆ. ದನಿ ಇನ್ನೊಂದು ಸಲ ಕೇಳಿತು, ಆಮೇಲೆ ಇಲ್ಲ. ಸಂಜೆಯವರೆಗೂ ಅತ್ತೆ ನನ್ನ ಕೈ ಬಿಡಲಿಲ್ಲ.

ಮರುವಾರ ಹೊಸಪೇಟೆಗೆ ಹೋದೆ. ಡಾಕ್ಟರು ಎಲ್ಲ ಕೇಳಿಸಿಕೊಂಡು, ಬೈಯದೆ ವಿವರಿಸಿದರು. ಇಂಥ ಗುಳಿಗೆಯನ್ನು ದಿಢೀರನೆ ಬಿಟ್ಟರೆ ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದು, ಅಳು ಬರುವುದು ಸಾಮಾನ್ಯವಂತೆ. ಅಪರೂಪಕ್ಕೆ ಇಲ್ಲದ್ದು ಕೇಳಿಸುವುದೂ ಉಂಟಂತೆ. ಮತ್ತೆ ಶುರುಮಾಡಿಸಿ, ಆಮೇಲೆ ನಿಧಾನವಾಗಿ ಕಡಿಮೆ ಮಾಡಿಸಿದರು. ಕರೆಂಟೂ ಇಲ್ಲ, ದನಿಯೂ ಇಲ್ಲ. ನನಗೆ ಎಷ್ಟೋ ಹಗುರವಾಯಿತು.

ಅಲ್ಲಿಗೆ ಬಿಡಬೇಕಿತ್ತು. ತಡೆಯಲಾರದೆ ಒಂದು ದಿನ ಅತ್ತೆಯನ್ನು ಕೇಳಿದೆ: "ಅವತ್ತು ನನ್ನ ಯಾರೋ ಕರದ್ರು ಅಂತ ನಿಮಗ ಹೆಂಗ ಗೊತ್ತಾತ್ರಿ?"

"ಕೇಳಿಸ್ತಲ್ಲವಾ. ಹೆಣ್ಮಗಳ ದನಿ. ನಿನ್ನ ಕರೀತಿತ್ತು, ನನ್ನಲ್ಲ," ಎಂದು ಅವರು ಒಳಗೆ ಹೋದರು.

ನನ್ನ ಮುಖ ನೋಡಿ ಊಹಿಸಿದ್ದರೇನೋ. ಆದರೆ ಅವರು ಮುಖ ಎತ್ತಿರಲೇ ಇಲ್ಲ. ಅವರು ಯಾವ ಗುಳಿಗೆಯನ್ನೂ ನುಂಗಿದವರಲ್ಲ, ಬಿಟ್ಟವರೂ ಅಲ್ಲ. ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಡಾಕ್ಟರು ಹೇಳಿದ್ದೇ ನಿಜವಾಗಿರಲಿ ಎಂದು ದಿನಾ ಬಯಸುತ್ತೇನೆ. ಇಲ್ಲವಾದರೆ ನಮ್ಮವ್ವ ಅಷ್ಟು ಕರೆದರೂ ನಾನು ಹೋಗಲಿಲ್ಲ ಎಂದಾಗುತ್ತದೆ.