ಕ್ವಿಬೆಕ್‌ನ ಮೆಟ್ಟಿಲಿಗೆ ಕುಂಕುಮ

ಅಕ್ಕನ ಎಡಗೈ ಬೆರಳ ತುದಿಗಳು ಸದಾ ನೇರಳೆ. ಬಲಗೈಯ ಉಂಗುರಬೆರಳು ಕೆಂಪು. ನೇರಳೆ ಆಸ್ಪತ್ರೆಯ ಲ್ಯಾಬಿನದು. ಗಾಜಿನ ಪಟ್ಟಿಯ ಮೇಲಿನ ಜೀವಕೋಶಗಳಿಗೆ ಬಣ್ಣ ಹಾಕಿ ನೋಡುವುದು ಅವರ ಕೆಲಸ. ಕೆಂಪು ಬೆಳಗಿನ ಪೂಜೆಯ ಕುಂಕುಮ. ಇವೆರಡೂ ಒಬ್ಬರಲ್ಲೇ ಹೇಗಿರುತ್ತವೆಂದು ನಾನು ಕೆಣಕಿದರೆ, "ಸೋಪು ಹಾಕಿದ್ರೂ ಎರಡೂ ಹೋಗಲ್ಲ ಕಣೋ, ಏನ್ಮಾಡ್ಲಿ?" ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಕ್ಯಾಂಪ್‌ಬೆಲ್‌ನ ಅವರ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಪಿಎಚ್‌ಡಿ ಮಾಡುತ್ತಿದ್ದೆ; ದೇವರಿಲ್ಲವೆಂದು ಊಟಕ್ಕೆ ಕೂತಾಗಲೂ ವಾದಿಸುತ್ತಿದ್ದೆ. ಅಕ್ಕ "ಆಯ್ತು ಪ್ರೊಫೆಸರೇ" ಎಂದು ಇನ್ನೊಂದು ಸೌಟು ಹುಳಿ ಬಡಿಸುತ್ತಿದ್ದರು. ಅವರನ್ನು ಅಕ್ಕ, ಅವರ ಗಂಡನನ್ನು ಭಾವ ಎನ್ನುತ್ತಿದ್ದೆ.

ಒಂದು ವರ್ಷ ಅಕ್ಕನಿಗೇ ಗಡ್ಡೆ ಕಾಣಿಸಿತು. ಆ ಗಡ್ಡೆಯ ಗಾಜಿನ ಪಟ್ಟಿಯನ್ನು ತಾವೇ ನೋಡಬೇಕೆಂದು ಹಟ ಹಿಡಿದು, ನೋಡಿ ಬಂದರು. "ಬಣ್ಣ ಚೆನ್ನಾಗಿ ಹಿಡಿದಿತ್ತು" ಎಂದರು, ಅಷ್ಟೇ. ಭಾವ ಗ್ಯಾರೇಜಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೈಸೂರಿಗೆ ಹೋದಾಗಲೆಲ್ಲ ಚಾಮುಂಡಿಬೆಟ್ಟದ ಒಂದೊಂದು ಮೆಟ್ಟಿಲಿಗೂ ಕುಂಕುಮವಿಟ್ಟು ಹತ್ತುವುದು ಅಕ್ಕನ ಪದ್ಧತಿ. ಆ ವರ್ಷವೂ ಹೊರಡುವುದಿತ್ತು. ಚಿಕಿತ್ಸೆಯ ನಡುವೆ ನಾಲ್ಕು ದಿನಕ್ಕಿಂತ ಹೆಚ್ಚು ಊರು ಬಿಡಬೇಡಿ ಎಂದರು ಡಾಕ್ಟರು.

"ನಾಲ್ಕೇ ದಿನಾನಾ? ಹಾಗಾದ್ರೆ ಕ್ವಿಬೆಕ್" ಎಂದರು ಅಕ್ಕ.

ಕೆನಡಾದ ಆ ಹಳೆಯ ಫ್ರೆಂಚ್ ಊರಿನ ಕಡಿದಾದ ಮೆಟ್ಟಿಲುಗಳ ಚಿತ್ರವೊಂದು, ವರ್ಷ ಕಳೆದ ಕ್ಯಾಲೆಂಡರಿನಲ್ಲಿ, ಅವರ ಲ್ಯಾಬಿನ ಗೋಡೆಯ ಮೇಲಿತ್ತು.

"ಮೆಟ್ಟಿಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿಲ್ವೇನೆ?" ಎಂದರು ಭಾವ.

"ಅಲ್ಲಿಗೆ ಹೋದ್ರೆ ಸಂಜೆ ಬಂದು ಸಾರು ಮಾಡ್ಬೇಕು ಕಣ್ರೀ."

ಪಿಎಚ್‌ಡಿಗಾಗಿ ಫ್ರೆಂಚ್ ಓದಲು ಕಲಿತಿದ್ದೆನಾದ್ದರಿಂದ ದುಭಾಷಿಯೆಂದು ನನ್ನನ್ನೂ ಎಳೆದುಕೊಂಡು ಹೋದರು.

ಅಂದು ಮೋಡವಿತ್ತೆಂದು ನನ್ನ ನೆನಪು. ಭಾವ ತೆಗೆದ ಫೋಟೋದಲ್ಲಿ ಬಿಸಿಲಿದೆ. ಕೆಳಪೇಟೆಯ ಕಲ್ಲುಹಾಸಿನ ಬೀದಿಯಿಂದ ಮೇಲುಪೇಟೆಗೆ ಮೆಟ್ಟಿಲು. ಪಕ್ಕದಲ್ಲೇ ಹಳಿಯ ಮೇಲೆ ಏರುವ ಪುಟ್ಟ ಗಾಡಿ. ಭಾವ ಅದನ್ನು ತೋರಿಸಿ, "ಇದ್ರಲ್ಲಿ ಹೋಗೋಣ ಬಾರೇ" ಎಂದು ಬೇಡಿಕೊಂಡರು.

"ಚಾಮುಂಡಿಬೆಟ್ಟಕ್ಕೂ ಬಸ್ಸಿದೆ. ನೀವು ಹೋಗಿ."

ಭಾವ ಒಬ್ಬರೇ ಗಾಡಿ ಹತ್ತಿದರು. ಅಕ್ಕ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿ ತೆರೆದು, ಮೊದಲ ಮೆಟ್ಟಿಲಿಗೆ ಬಗ್ಗಿ ಕುಂಕುಮವಿಟ್ಟರು.

"ಅಕ್ಕಾ, ಇದ್ರಿಂದ ವಾಸಿಯಾಗತ್ತಾ?" ಎಂದು ಕೇಳಿದೆ. ಆ ಪ್ರಶ್ನೆಗೆ ಇಂದಿಗೂ ನಾಚುತ್ತೇನೆ.

"ಯಾರು ಹೇಳಿದ್ದು? ನಾನು ಏನೂ ಬೇಡ್ಕೊಂಡಿಲ್ಲ. ಇದೊಂದು ಬಂತು ಅಂತ ನನ್ನ ಪದ್ಧತಿ ಬಿಡ್ಬೇಕಾ? ಬಿಡಲ್ಲ."

ನಾಲ್ಕೈದು ಮೆಟ್ಟಿಲು ಹತ್ತಿರಬೇಕು, ಕೆಳಗಿನ ಅಂಗಡಿಯ ಮುದುಕಿ ಪೊರಕೆ ಹಿಡಿದು ಬಂದು ಗದರಿದಳು. ಮೆಟ್ಟಿಲಿಗೆ ಕುಂಕುಮವಿಡುವುದಕ್ಕೆ ನನ್ನ ಪುಸ್ತಕದ ಫ್ರೆಂಚಿನಲ್ಲಿ ಪದವಿರಲಿಲ್ಲ. ಕೊಟ್ಟ ಮಾತು, ಕಾಯಿಲೆ, ಎಂದೆಲ್ಲ ತಡವರಿಸಿದೆ. ಆಕೆ ಅಕ್ಕನ ತಲೆಗೆ ಕಟ್ಟಿದ್ದ ವಸ್ತ್ರ ನೋಡಿದಳು. ತನ್ನ ತಾಯಿ ಚರ್ಚಿನ ಮೆಟ್ಟಿಲುಗಳನ್ನು ಮೊಣಕಾಲಿನಲ್ಲೇ ಹತ್ತುತ್ತಿದ್ದಳೆಂದಳು. ಹಾಗೆಂದಳೋ, ನನ್ನ ಅರೆಬರೆ ಫ್ರೆಂಚಿಗೆ ಹಾಗೆ ಕೇಳಿಸಿತೋ, ಪ್ರಮಾಣ ಮಾಡಿ ಹೇಳಲಾರೆ. ಆದರೆ ಆಮೇಲೆ ಕುಂಕುಮದ ಬೊಟ್ಟುಗಳನ್ನು ಬಿಟ್ಟು ಸುತ್ತಲೂ ಗುಡಿಸಿದಳು. ಅದನ್ನು ಕಣ್ಣಾರೆ ಕಂಡೆ.

ಅರ್ಧ ದಾರಿಯಲ್ಲಿ ಅಕ್ಕ ಕುಸಿದು ಕೂತರು. ತುಟಿ ಬಿಳಚಿತ್ತು. ಮೇಲಿನ ಕಂಬಿ ಹಿಡಿದು ಭಾವ, "ಸಾಕು, ಇಳಿದುಬಿಡೇ!" ಎಂದು ಕೂಗುತ್ತಿದ್ದರು. ನಾನೂ ಸಾಕೆಂದೆ.

ಅಕ್ಕ ಡಬ್ಬಿಯನ್ನು ನನ್ನ ಕೈಗಿಟ್ಟರು. "ಬಗ್ಗಕ್ಕೆ ಆಗ್ತಿಲ್ಲ. ನೀನು ಇಡು, ನಾನು ಹತ್ತುತ್ತೀನಿ."

"ನಂಗೆ ನಂಬಿಕೆ ಇಲ್ಲಕ್ಕಾ."

"ನಿನ್ನ ನಂಬಿಕೆ ಯಾರಿಗೆ ಬೇಕೋ? ಬೆರಳು ಸಾಕು."

ಇಟ್ಟೆ. ನಾನು ಒಂದು ಬೊಟ್ಟು, ಅವರು ಒಂದು ಹೆಜ್ಜೆ. ಹೋಗಿಬರುವವರು ನಿಂತು ನೋಡುತ್ತಿದ್ದರು. ಮೊದಲು ನಾಚಿಕೆಯಾಯಿತು, ಆಮೇಲೆ ನೋಡಲಿ ಎನ್ನಿಸಿತು. ಮೇಲೆ ತಲುಪಿದಾಗ ಅಕ್ಕ ಭಾವನಿಗೆ ಹೇಳಿದ್ದು ಒಂದೇ ಮಾತು: "ಗಾಡಿ ಚೆನ್ನಾಗಿತ್ತೇನ್ರೀ?"

ಒಂದೂವರೆ ವರ್ಷಕ್ಕೆ ಅಕ್ಕ ಹೋದರು. ಕೊನೆಯ ಬೇಸಿಗೆಯವರೆಗೂ ಲ್ಯಾಬಿಗೆ ಹೋಗುತ್ತಿದ್ದರು. ತಿಥಿಯ ದಿನ ಫ್ರೀಮಾಂಟಿನಿಂದ ಬಂದಿದ್ದ ಪರಿಚಯದವರೊಬ್ಬರು, "ಅಷ್ಟು ಪೂಜೆ ಮಾಡಿ ಏನು ಬಂತು ಪಾಪ" ಎಂದರು. ಒಂದು ಕಾಲಕ್ಕೆ ಅದು ನಾನೇ ಆಡಬಹುದಾಗಿದ್ದ ಮಾತು. "ಅವರು ಏನನ್ನೂ ಕೇಳಿರಲಿಲ್ಲ" ಎಂದು ಎಲೆಯಿಂದ ಎದ್ದುಬಂದೆ.

ದೇವರಿದ್ದಾನೆಂದು ಈಗಲೂ ನಾನು ಒಪ್ಪುವುದಿಲ್ಲ. ಕ್ವಿಬೆಕ್‌ನ ಆ ಮೆಟ್ಟಿಲು ತೊಂಬತ್ತೆಂದು ಅಕ್ಕ ಹೇಳುತ್ತಿದ್ದರು. ನನ್ನ ಲೆಕ್ಕಕ್ಕೆ ಅರವತ್ತೂ ಇರಲಿಲ್ಲ. ಫೋಟೋದಲ್ಲಿ ಕುಂಕುಮ ಕಾಣುವುದೇ ಇಲ್ಲ. ಯಾವುದನ್ನು ಬೇಕಾದರೂ ಅನುಮಾನಿಸುತ್ತೇನೆ. ಕೊನೆಯ ಮೆಟ್ಟಿಲಿಗೆ ಕುಂಕುಮವಿಟ್ಟದ್ದು ಮಾತ್ರ ಈ ಬೆರಳು.