ಆಯುಧಪೂಜಿ ದಿನದ ಕರ್ನಲ್

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದ ನಮ್ಮಣ್ಣಂದು ಟೈಪಿಂಗ್ ಅಂಗಡಿ ಇತ್ತು. ಅಂಗಡಿ ಅವಂದು, ಕೆಲಸ ನಂದು. ಅಲ್ಲಿದ್ದ ಒಂದೇ ಕಂಪ್ಯೂಟರಿನಾಗ ನಡೀತಿದ್ದ ಲಿನಕ್ಸ್ ಅನ್ನೋ ಸಿಸ್ಟಮ್ ನಾನು ಕೈಯಾರೆ ಕಟ್ಟಿದ್ದು. ಯಾರೋ ಮಾಡಿಟ್ಟಿದ್ದನ್ನ ತಂದು ಹಾಕಿದ್ದಲ್ಲ. ಒಂದೊಂದು ಭಾಗದ ಸೋರ್ಸ್, ಅಂದ್ರ ಬರೆದಿಟ್ಟ ಮೂಲ ಹುಡುಕಿ, ಅದನ್ನ ಯಂತ್ರಕ್ಕ ತಿಳಿಯೋಹಂಗ ಕಂಪೈಲ್ ಮಾಡಿ, ಜೋಡಿಸಿದ್ದು. ಅಣ್ಣ ಅದಕ್ಕ "ತಂಗಿ ಹುಚ್ಚು" ಅಂತಿದ್ದ. ಊರಾಗಿನ ಮಂದಿ ಕದ್ದ ಸಿಡಿಯಿಂದ ಹಾಕ್ಕೊಂಡ ಸಿಸ್ಟಮ್ ಅವನಿಗೆ ಅಸಲಿ, ನಂದು ನಕಲಿ. ಈಗ ನೆನಸಿದ್ರೂ ಮೈ ಉರೀತೈತಿ.

ಆ ವರ್ಷ ದಸರಾಕ್ಕ ಮುಂಚೆ ಅಣ್ಣ ಹಗರಿಬೊಮ್ಮನಹಳ್ಳಿಯಿಂದ ಹೊಸಾ ಪ್ರಿಂಟರ್ ತಂದ. ನನ್ನ ಹಳೇ ಕರ್ನಲ್ ಅದರ ಗುರುತೇ ಹಿಡೀಲಿಲ್ಲ. ಕರ್ನಲ್ ಅಂದ್ರ ಸಿಸ್ಟಮ್ಮಿಗೆ ನಡುಗಂಬ ಇದ್ದಂಗ. ಯಾವ ಯಂತ್ರ ಜೋಡಿಸಿದ್ರೂ ಅದರ ಕೂಡ ಮಾತಾಡೋದು ಅದು. ಹೊಸ ಕರ್ನಲ್ ಹಾಕಿದ್ರ ಪ್ರಿಂಟರ್ ನಡೀತೈತಿ ಅಂದೆ.

"ದಶಮಿ ಸಂಜಿ ಬನ್ನಿ ಎಲಿ ಕೊಡೋದ್ರೊಳಗ ಕಾಗದ ಹೊರಗ ಬರಬೇಕು. ಇಲ್ಲಾಂದ್ರ ನಿಂದೆಲ್ಲ ಅಳಿಸಿ ಆ ಸಿಡಿ ಹಾಕಿಸ್ತೀನಿ," ಅಂದ.

ಆಯುಧಪೂಜಿ ದಿನ ಬೆಳಿಗ್ಗೆ ಕಂಪೈಲಿಗೆ ಹಚ್ಚಿದೆ. ತಾಸುಗಟ್ಟಲೆ ಹಿಡಿಯೋ ಕೆಲಸ. "ಪರದೆ ಮ್ಯಾಲ ಅಕ್ಷರ ಓಡ್ತಿರ್ತಾವ, ಮುಟ್ಟಬ್ಯಾಡ," ಅಂತ ಅಣ್ಣಗ ಹೇಳಿ ಮನಿಗೆ ಹೋಳಿಗಿ ಮಾಡಾಕ ಹೋದೆ. ತಿರುಗಿ ಬಂದು ನೋಡಿದ್ರ ಪರದೆ ಕರ್ರಗ. ಕಂಪ್ಯೂಟರಿನ ಡಬ್ಬಿಗೆ ವಿಭೂತಿ, ಚೆಂಡುಹೂವಿನ ಹಾರ, ಕೀಬೋರ್ಡಿನ ಮ್ಯಾಲ ನಿಂಬಿಹಣ್ಣು.

"ಪೂಜಿಗೆ ಕುಂತ ಆಯುಧ ದುಡೀಬಾರದು," ಅಂದ ಅಣ್ಣ ತಣ್ಣಗ. "ಅದನ್ನ ನಾ ಮುಟ್ಟಿಲ್ಲ ನೋಡು, ಮೇನ್ ಸ್ವಿಚ್ ತೆಗೆದೆ. ಯುಪಿಎಸ್ ಕುಯ್ಯೋ ಅಂತ ಒದರಾಕತ್ತಿತ್ತು, ಅದನ್ನೂ ಆರಿಸಿದೆ. ನಾಳೆ ಪೂಜಿ ಕದಲಿಸಿದ ಮ್ಯಾಲ ಹಚ್ಚು."

ಗಡುವು ಕೊಟ್ಟವನೂ ಅವನ, ಕೆಲಸ ನಿಲ್ಲಿಸಿದವನೂ ಅವನ. ಹೊತ್ತಿಗೆ ಮುಗೀಲಿಲ್ಲಾಂದ್ರ ಅಳಿಯೋದು ಮಾತ್ರ ನಂದು. ಇದ್ಯಾವ ನ್ಯಾಯ ಅಂತ ಕೇಳಿದ್ದಕ್ಕ ಹೋಳಿಗಿ ತಂದಿಯೇನು ಅಂದ. ಆ ನಿಂಬಿಹಣ್ಣು ತಗೊಂಡು ಅವನ ಮಾರಿಗೆ ಒಗೀಬೇಕನ್ನಿಸಿತ್ತು.

ಮರುದಿನ ಕಾಯಿ ಒಡೆದು ಮೇನ್ ಹಾಕಿದ. ನಾನು ಕಂಪ್ಯೂಟರಿನ ಫ್ಯಾನಿನ ಜಾಳಿಗಿಯೊಳಗ ಸಿಕ್ಕಿದ್ದ ಹೂವಿನ ಎಸಳು ಕಿತ್ತು, ಮತ್ತ ಕಂಪೈಲಿಗೆ ಹಚ್ಚಿದೆ. ಪುಣ್ಯಕ್ಕ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರೀತು. ಊಟಕ್ಕೂ ಏಳಲಿಲ್ಲ. ಹೊಸ ಕರ್ನಲ್ ಕೂಡಿಸಿ ಚಾಲೂ ಮಾಡಿದಾಗ ಓಡೋ ಅಕ್ಷರದ ನಡುವ ಪ್ರಿಂಟರಿನ ಹೆಸರು ಕಾಣಿಸ್ತು. ಹೊತ್ತು ಮುಳುಗೋದ್ರೊಳಗ ಕನ್ನಡದ ಒಂದು ಹಾಳಿ ಅಚ್ಚಾಗಿ ಹೊರಗ ಬಂತು.

ಅಷ್ಟೊತ್ತಿಗೆ ಅಣ್ಣ ಬನ್ನಿ ತಗೊಂಡು ಬಂದ, ಜೋಡಿ ಬಾಜೂ ಅಂಗಡಿಯವರೂ ಇದ್ರು. ಹಾಳಿ ಎತ್ತಿ ಅವರಿಗೆ ತೋರಿಸಿದ.

"ನೋಡ್ರಿ, ಮನಸಿಟ್ಟು ಪೂಜಿ ಮಾಡಿದ್ದಕ್ಕ ಬಂತು. ಇನ್ನ ಇದನ್ನ ಅಳಿಸೋ ಮಾತಿಲ್ಲ."

ಕಂಪ್ಯೂಟರಿನ ಡಬ್ಬಿ ಮ್ಯಾಲ ಬನ್ನಿ ಇಟ್ಟು ಕೈ ಮುಗಿದ. ಆಮ್ಯಾಲ ನನ್ನ ಕಡೆ ತಿರುಗಿ ನಿಂತ. ನಮ್ಮ ಕಡೆ ಸಣ್ಣೋರು ದೊಡ್ಡೋರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು. ಬಾಜೂ ಅಂಗಡಿಯವರು ಕೊಟ್ಟ ಬನ್ನಿ ನನ್ನ ಕೈಯಾಗೂ ಇತ್ತು. ಅವನು ಕಾದ.

ನಾನು ಅದನ್ನ ಪ್ರಿಂಟರಿನ ಮ್ಯಾಲ ಇಟ್ಟು ಮನಿಗೆ ನಡೆದೆ.