ಓಣಿಯ ಅನುಮಾನದ ನಡುವೆ ಮೈಲಾರಮ್ಮನ ಗೊಂಬೆಗಳು

ರಾಯದುರ್ಗದ ಬೆಟ್ಟದ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಟೈಲರ್‌ಗಳ ಓಣಿಯ ಕೊನೆಯ ಮನೆಯ ಕಟ್ಟೆಯ ಮೇಲೆ ಕುಳಿತ ಮೈಲಾರಮ್ಮ, ಬಿಸಿನೀರಿನ ಚೊಂಬಿನಲ್ಲಿ ಪ್ಲಾಸ್ಟಿಕ್ ಗೊಂಬೆಯೊಂದನ್ನು ತಲೆಕೆಳಗಾಗಿ ಅದ್ದಿ ಹಿಡಿದಿದ್ದಾರೆ. ಕುತ್ತಿಗೆ ಮೆತ್ತಗಾಗುತ್ತಲೇ ತಲೆ ತಿರುಚಿ ಕಳಚಿ, ಆ ಜಾಗಕ್ಕೆ ಬಾತುಕೋಳಿಯ ತಲೆ ಕೂರಿಸುತ್ತಾರೆ. ನೀರಿಗೆ ಹೊರಟ ಹೆಂಗಸೊಬ್ಬಳು ಅದನ್ನು ಕಂಡು ಓಣಿಯ ಆ ಬದಿಗೆ ಸರಿದು ಹೋಗುತ್ತಾಳೆ. ಮೈಲಾರಮ್ಮ ತಲೆ ಎತ್ತುವುದಿಲ್ಲ. ಯಾರು ಸರಿದರೆಂದು ಕಾಲ ಸಪ್ಪಳದಲ್ಲೇ ಅವರಿಗೆ ಗೊತ್ತಾಗುತ್ತದೆ.

ಪತ್ರಿಕೆಯವರೆಂದರೂ ಅವರಿಗೆ ನಂಬಿಕೆಯಿಲ್ಲ. “ಯಾರು ಕಳಿಸ್ಯಾರ್ರಿ ನಿಮ್ಮನ್ನ? ಫೋಟೋ ತಗೊಂಡು ಸ್ಟೇಷನ್ನಿಗೆ ಕೊಡೋರಲ್ಲ ಹೌದಿಲ್ಲೋ?” ಎಂದು ಕೇಳಿ, ಉತ್ತರ ಬಂದ ಮೇಲೂ ಒಂದಿಷ್ಟು ಹೊತ್ತು ದಿಟ್ಟಿಸಿದ ಮೇಲೆಯೇ ಚಾಪೆ ಹಾಸುತ್ತಾರೆ.

ಹೀಗೆ ಅನುಮಾನಪಡುವುದನ್ನು ಅವರಿಗೆ ಕಲಿಸಿದ್ದು ಇದೇ ಓಣಿ. ಗಂಡ ತೀರಿದ ಮೇಲೆ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿದು ಬದುಕಿದವರು ಮೈಲಾರಮ್ಮ. ಕಾಲು ಬಾತು ಮೆಷಿನ್ ತುಳಿಯಲಾಗದಾದಾಗ, ಗುಜರಿ ಅಂಗಡಿಯಲ್ಲಿ ಬಿದ್ದಿದ್ದ ಮುರುಕು ಗೊಂಬೆಗಳು ಕಣ್ಣಿಗೆ ಬಿದ್ದವು. ಬೋಳುತಲೆಯ ಪಾಪು ಮೀಸೆ ಹೊತ್ತು ಬಸ್ ಕಂಡಕ್ಟರ್ ಆಯಿತು. ಬಂದೂಕು ಕಳೆದುಕೊಂಡ ಸಿಪಾಯಿ ಕಂಬಳಿ ಹೊದ್ದು ಕುರಿ ಕಾಯತೊಡಗಿದ. ಡೈನೋಸಾರ್ ಸೀರೆ ಉಟ್ಟು ಹೂ ಮಾರಲು ನಿಂತಿತು. ಗುಮ್ಮಘಟ್ಟ, ಬೆಳುಗುಪ್ಪದ ಕಡೆ ಇವನ್ನು ಮಕ್ಕಳು ಅತ್ತು ಕರೆದು ಕೊಡಿಸಿಕೊಂಡರು. ಮಡಕಶಿರದ ಆಟಿಕೆ ಅಂಗಡಿಯ ಬೊಮ್ಮಪ್ಪ ಚೀಲಗಟ್ಟಲೆ ತರಿಸಿಕೊಂಡ.

ಹೋದ ಮಳೆಗಾಲದಲ್ಲಿ ಎದುರುಮನೆಯ ಕೃಷ್ಣವೇಣಿಯ ಮಗಳು, ಪುಟ್ಟ ಶಿರಿಷಾ, ಜ್ವರ ಬಂದು ಮಲಗಿದಳು. ಅದೇ ಬೆಳಿಗ್ಗೆ ಅವರ ಹೊಸ್ತಿಲ ಬಳಿ ಕೆಂಪು ಬಣ್ಣ ಮೆತ್ತಿದ ಗೊಂಬೆಯ ತಲೆಯೊಂದು ಬಿದ್ದಿತ್ತು.

“ನಾ ತಿಪ್ಪಿಗೆ ಹಾಕಿದ್ದನ್ನ ನಾಯಿ ಕಚ್ಚಿ ತಂದಿತ್ರಿ. ಹಲ್ಲಿನ ಗುರುತಿತ್ತು. ಯಾರು ಕೇಳ್ತಾರ? ಬಾಗ್ಲಾ ಹಾಕ್ಕೊಂಡು ಗೊಂಬಿಗೆ ಸೂಜಿ ಚುಚ್ಚತಾಳ, ಮಾಟ ಮಾಡತಾಳ ಅಂದ್ರು.”

ಮಾತು ಬಸ್ಸು ಹತ್ತಿ ಮಡಕಶಿರವನ್ನೂ ಮುಟ್ಟಿತು. ಬೊಮ್ಮಪ್ಪ ಚೀಲ ವಾಪಸು ಕೊಟ್ಟ. “ನಂಗೇನೂ ಇಲ್ಲ ಕಣಮ್ಮ, ಕೊಳ್ಳೋರು ಏನೇನೋ ಕೇಳ್ತಾವ್ರೆ. ಸ್ವಲ್ಪ ದಿನ ಬ್ಯಾಡ” ಎಂದ.

ಮೈಲಾರಮ್ಮನ ಮನಸ್ಸೂ ಕೆಟ್ಟಿತು. ನಿಜಕ್ಕೂ ನಾಯಿಯೇ ತಂದಿತೇ, ತನ್ನನ್ನು ಓಡಿಸಲು ಯಾರಾದರೂ ಬೇಕೆಂದೇ ತಂದಿಟ್ಟರೇ? ಹಬ್ಬಕ್ಕೆ ಪಕ್ಕದ ಮನೆಯವರು ಕಳಿಸಿದ ಹೋಳಿಗೆಯನ್ನೂ ಅವರು ಬಾಯಿಗಿಡಲಿಲ್ಲ. ಆದರೆ ಊರು ಬಿಡಲಿಲ್ಲ. ಒಂದು ಬೆಳಿಗ್ಗೆ ಬಣ್ಣದ ಡಬ್ಬಿ, ಚಿಂದಿಬಟ್ಟೆ, ಸೂಜಿ ಎಲ್ಲ ತಂದು ಕಟ್ಟೆಯ ಮೇಲೆ ಹರಡಿದರು.

“ಒಳಗ ಕುಂತ್ರ ತಾನ ಮಾಟ ಅನ್ನೋದು? ಹೊರಗ ಮಾಡ್ತೀನಿ, ಕಣ್ತುಂಬ ನೋಡ್ಲಿ ಅಂದೆ.”

ಅಷ್ಟರಲ್ಲಿ ಆಸ್ಪತ್ರೆಯ ಔಷಧಿಗೆ ಶಿರಿಷಾಳ ಜ್ವರ ಇಳಿದಿತ್ತು. ಓಣಿಯ ಅನುಮಾನ ಮಾತ್ರ ಬೇರೆ ದಾರಿ ಹಿಡಿಯಿತು: ಮಾಟ ಕಟ್ಟಿದವಳೇ ಬಿಚ್ಚಿದಳು! ಹೆಂಗಸೊಬ್ಬಳು ಮುಖಕ್ಕೆ ಸೆರಗು ಮರೆಮಾಡಿ ಬಂದು, ಅತ್ತೆಯ ಹೆಸರಿನಲ್ಲಿ ಒಂದು ಗೊಂಬೆ ಮಾಡಿಕೊಡು ಎಂದಳಂತೆ. “ಜರಿ ಸೀರಿ ಉಡಿಸಿ ಕೊಡ್ತೀನಿ, ನಿಮ್ಮತ್ತಿ ಕೈಯಾಗ ಕೊಡವ್ವ ಅಂದೆ. ಓಡಿಹೋದ್ಲು.” ಮೈಲಾರಮ್ಮ ನಗುವುದು ಇಲ್ಲೊಂದೇ ಕಡೆ.

ಹೋದ ವಾರ ಶಿರಿಷಾ ಕಾಲು ಮುರಿದ ಕುದುರೆ ಹಿಡಿದು ಕಟ್ಟೆಗೆ ಬಂದಳು. ಹಿಂದೆಯೇ ಓಡಿಬಂದ ಕೃಷ್ಣವೇಣಿ ರಟ್ಟೆ ಹಿಡಿದು ಎಳೆದರೂ ಹುಡುಗಿ ಜಗ್ಗಲಿಲ್ಲ. ಮೈಲಾರಮ್ಮ ಕುದುರೆಯನ್ನು ಮುಟ್ಟಲಿಲ್ಲ.

“ಗೊಂಬಿ ನೀನ ಹಿಡಕೋ ಕೃಷ್ಣವೇಣಿ. ನಾ ಬರೇ ಕಾಲು ಅಂಟಿಸಿ ಬಣ್ಣ ಹಚ್ಚತೀನಿ.”

ಕೃಷ್ಣವೇಣಿ ಕುಕ್ಕರುಗಾಲಲ್ಲಿ ಕುಳಿತು, ಕುಂಚದಿಂದ ಕಣ್ಣು ಕೀಳದೆ ಕುದುರೆಯನ್ನು ಹಿಡಿದುಕೊಂಡಳು. ಕುದುರೆಗೆ ಕನ್ನಡಕ ಬಂತು, ಕೊರಳಿಗೆ ಅಳತೆ ಟೇಪು ಬಂತು. ಅದು ಟೈಲರ್ ಆಯಿತು. ಕೃಷ್ಣವೇಣಿ ಅದನ್ನು ತಿರುಗಿಸಿ ನೋಡಿ, ಮೂಸಿ, ಹೊಟ್ಟೆ ಒತ್ತಿ ಪರೀಕ್ಷಿಸಿ, ಮನೆಗೆ ಒಯ್ದಳು.

ಎಸೆದಿಲ್ಲ. ಅವಳ ಕಿಟಕಿಯಲ್ಲಿ ಆ ಕುದುರೆ ಈಗಲೂ ಬೀದಿ ನೋಡುತ್ತ ನಿಂತಿದೆ.

“ಆ ಹುಡುಗಿ ಮಲಗೋವಾಗ ಮಗ್ಗುಲಾಗ ಇಟ್ಕೊಳ್ಳಾಕ ಅವರವ್ವ ಬಿಟ್ಟಿಲ್ರಿ ಇನ್ನಾ,” ಎನ್ನುತ್ತಾರೆ ಮೈಲಾರಮ್ಮ. “ಬಿಟ್ಲಂದ್ರ ಸಾಕು. ನನಗ ಮತ್ತೇನೂ ಬ್ಯಾಡ.”